ಬೋರ್ಡು ಬದಲಿಸುವ ಮೊದಲು: ಊರಿನ ಹೆಸರು ಯಾರ ಕೈಯಲ್ಲಿ?

ಭಾಗ 1/10
ಫೋಟೋ: ಮಣಿಪಾಲದ ಸಿಂಡಿಕೇಟ್ ಸರ್ಕಲ್, ಕಾಲೇಜು ಬಿಟ್ಟ ಹೊತ್ತು

"ಸಿಂಡಿಕೇಟ್, ಸಿಂಡಿಕೇಟ್... ಇಳಿಯುವವರು ಮುಂದೆ ಬನ್ನಿ!" ಮಣಿಪಾಲದ ಬಸ್ಸು ಹತ್ತಿದವರಿಗೆಲ್ಲ ಈ ಕೂಗು ಗೊತ್ತುಂಟು. ಆದರೆ ಒಂದು ತಮಾಷೆ ನೋಡಿ. ಸಿಂಡಿಕೇಟ್ ಬ್ಯಾಂಕ್ ಅಂತ ಈಗ ಒಂದು ಬ್ಯಾಂಕೇ ಇಲ್ಲ! 1925ರಲ್ಲಿ ಉಡುಪಿಯಲ್ಲಿ ಶುರುವಾದ ಬ್ಯಾಂಕ್ ಅದು. 1969ರಲ್ಲಿ ರಾಷ್ಟ್ರೀಕರಣ ಆಯ್ತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನ ಜೊತೆ ವಿಲೀನವಾಯ್ತು. ಬ್ಯಾಂಕಿನ ಬೋರ್ಡು ಬದಲಾಯ್ತು, ಪಾಸ್‌ಬುಕ್ಕು ಬದಲಾಯ್ತು. ಕಂಡಕ್ಟರಣ್ಣನ ಬಾಯಲ್ಲಿ ಮಾತ್ರ ಹೆಸರು ಹಾಗೇ ಉಳಿಯಿತು.

ಈ ಸರಣಿ ಶುರುವಾದದ್ದು ನಮ್ಮ ಇತಿಹಾಸ ತರಗತಿಯ ಒಂದು ಚರ್ಚೆಯಿಂದ. ವಿಷಯ: ಸರಕಾರಿ ಕಟ್ಟಡ, ರಸ್ತೆ, ಸರ್ಕಲ್ಲುಗಳ ಹೆಸರು ಬದಲಿಸುವ ಅಧಿಕಾರ ಯಾರಿಗಿರಬೇಕು? ನಾನು ಎದ್ದು ನಿಂತು ದೊಡ್ಡ ದನಿಯಲ್ಲಿ ಹೇಳಿದೆ: "ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು? ಊರಿನವರಿಗೆ. ಓಟು ಹಾಕಿ, ಜಾಸ್ತಿ ಜನ ಹೇಳಿದ ಹೆಸರು ಇಡಿ. ಮುಗೀತು." ಚಪ್ಪಾಳೆಯೂ ಬಿತ್ತು.

ಆಗ ನನ್ನ ಬೆಂಚಿನಲ್ಲೇ ಕೂರುವ ಕಾಪುವಿನ ಗೆಳತಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಸರಿ. ಜಾಸ್ತಿ ಜನ ನಿನ್ನ ಕಡೆ ಇಲ್ಲದ ದಿನ ಎಂತ ಮಾಡ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ನಮ್ಮ ಜಿಲ್ಲೆಯಲ್ಲೇ ನಡೆದ ಹೆಸರಿನ ಕಥೆಗಳನ್ನು ಹುಡುಕಿಕೊಂಡು ಹೋದೆ. ಹತ್ತು ಫೋಟೋ, ಹತ್ತು ಬರಹ. ಕೊನೆಗೆ ನನ್ನ ಅಭಿಪ್ರಾಯ ಅರ್ಧ ಬದಲಾಯ್ತು. ಯಾವ ಅರ್ಧ ಎಂದು ತಿಳಿಯಲು ಕೊನೆಯವರೆಗೆ ಓದಿ ಮಾರ್ರೆ.

ಭಾಗ 2/10
ಫೋಟೋ: ಉಡುಪಿಯ ಒಂದು ರಸ್ತೆ ಫಲಕ, ಅರ್ಧ ಪೋಸ್ಟರ್ ಅಂಟಿಸಿದ್ದು

ಮೊದಲು ಈಗ ಇರುವ ವ್ಯವಸ್ಥೆ ಹೇಗುಂಟು ನೋಡುವ. ಇದು ಏಣಿಯ ಹಾಗೆ, ಮೆಟ್ಟಿಲು ಮೆಟ್ಟಿಲಾಗಿ ಉಂಟು.

ರಾಜ್ಯದ ಹೆಸರು ಬದಲಿಸಬೇಕಾದರೆ ಸಂಸತ್ತೇ ಆಗಬೇಕು. ಸಂವಿಧಾನದ 3ನೇ ವಿಧಿ ಅದನ್ನು ಹೇಳುತ್ತದೆ. ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳುತ್ತಾರೆ, ಆದರೆ ಕೊನೆಯ ಮಾತು ದೆಹಲಿಯದ್ದು.

ಊರು, ನಗರ, ರೈಲು ನಿಲ್ದಾಣದ ಹೆಸರಾದರೆ ರಾಜ್ಯ ಸರಕಾರ ಪ್ರಸ್ತಾವ ಕಳಿಸಬೇಕು, ಕೇಂದ್ರ ಗೃಹ ಇಲಾಖೆ ಒಪ್ಪಬೇಕು. ಗೃಹ ಇಲಾಖೆ ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾದವರನ್ನೂ ಕೇಳುತ್ತದೆ. ಯಾಕೆ? ಒಂದೇ ಹೆಸರಿನ ಎರಡು ಊರಾದರೆ ಕಾಗದ ಎಲ್ಲಿಗೆ ಹೋಗಬೇಕು ಹೇಳಿ!

ಇದಕ್ಕೆ 1953ರಲ್ಲಿ ಕೇಂದ್ರ ಕೊಟ್ಟ ಸೂಚನೆಗಳಿವೆ. ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣ ಇಲ್ಲದೆ ಬದಲಿಸಬಾರದು. ಇತಿಹಾಸದ ನಂಟು ಇರುವ ಹೆಸರನ್ನು ಆದಷ್ಟೂ ಉಳಿಸಬೇಕು. ಬರೀ ಸ್ಥಳೀಯ ಅಭಿಮಾನ ಸಾಕಾಗುವುದಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಇದು: ರಾಜ್ಯ ಸರಕಾರ ಎರಡು ಕಾರಣ ಕೊಡಬೇಕು. ಹಳೆಯ ಹೆಸರು ಯಾಕೆ ಬೇಡ ಎನ್ನುವುದಕ್ಕೆ ಒಂದು, ಹೊಸ ಹೆಸರು ಯಾಕೆ ಇದೇ ಆಗಬೇಕು ಎನ್ನುವುದಕ್ಕೆ ಇನ್ನೊಂದು. ಈ "ಎರಡು ಕಾರಣ"ವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಜಿಲ್ಲೆ, ತಾಲೂಕಿನ ವಿಷಯ ರಾಜ್ಯ ಸರಕಾರದ್ದು. ನಮ್ಮ ಉಡುಪಿ ಜಿಲ್ಲೆ 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರೆಯಾದದ್ದು ಹೀಗೇ. ರಸ್ತೆ, ಸರ್ಕಲ್, ಪಾರ್ಕು? ಅದು ಉಡುಪಿ, ಮಣಿಪಾಲದಲ್ಲಿ ನಗರಸಭೆಯ, ಕಾಪು, ಕಾರ್ಕಳದಲ್ಲಿ ಪುರಸಭೆಯ, ಹಳ್ಳಿಯಲ್ಲಿ ಪಂಚಾಯತಿನ ಮೇಜಿಗೆ ಬರುತ್ತದೆ. ಆಸ್ಪತ್ರೆ, ಶಾಲೆ, ಕಾಲೇಜಾದರೆ ಆಯಾ ಇಲಾಖೆ.

ಒಂದು ವಿಚಿತ್ರ ಗಮನಿಸಿದಿರಾ? 1953ರ ಸೂಚನೆ ಇರುವುದು ಊರು ಮತ್ತು ನಿಲ್ದಾಣಕ್ಕೆ. ನಾವು ದಿನಾ ಹೋಗಿ ಬರುವ ಸರ್ಕಲ್ಲು, ಆಸ್ಪತ್ರೆಗೆ ಅದು ಅನ್ವಯಿಸುವುದಿಲ್ಲ. ಜಗಳ ಜಾಸ್ತಿ ಆಗುವುದೂ ಅಲ್ಲಿಯೇ.

ಭಾಗ 3/10
ಫೋಟೋ: ಅಜ್ಜನ ಪೆಟ್ಟಿಗೆಯಲ್ಲಿದ್ದ ಹಳೆಯ ಶಾಲಾ ಸರ್ಟಿಫಿಕೇಟು. ಮೇಲೆ "ಮೈಸೂರು ರಾಜ್ಯ" ಎಂದು ಅಚ್ಚಾಗಿದೆ

ನಮ್ಮಲ್ಲಿ ಅತಿ ದೊಡ್ಡ ಹೆಸರು ಬದಲಾವಣೆ ಯಾವುದು? ಬೆಂಗಳೂರಲ್ಲ. ನಮ್ಮ ರಾಜ್ಯದ್ದೇ.

ನಮ್ಮ ಅಜ್ಜ ಹುಟ್ಟುವಾಗ ಈ ಊರು ಮದ್ರಾಸ್ ಪ್ರೆಸಿಡೆನ್ಸಿಯ ಸೌತ್ ಕೆನರಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಊರುಗಳು ಒಟ್ಟಾದವು. ಹಳೇ ಮೈಸೂರು, ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳು, ಹೈದರಾಬಾದಿನ ಕನ್ನಡ ಜಿಲ್ಲೆಗಳು, ಕೊಡಗು, ಮತ್ತೆ ನಾವು. ಆದರೆ ರಾಜ್ಯದ ಹೆಸರು ಮಾತ್ರ "ಮೈಸೂರು" ಅಂತಲೇ ಉಳಿಯಿತು.

ಧಾರವಾಡದವರಿಗೆ, ರಾಯಚೂರಿನವರಿಗೆ, ಉಡುಪಿಯವರಿಗೆ ಇದು ಹೇಗಾಗಿರಬಹುದು ಯೋಚಿಸಿ. ಐದು ಜನ ಸೇರಿ ಒಂದು ಮನೆ ಕಟ್ಟಿ, ಬಾಗಿಲಲ್ಲಿ ಒಬ್ಬನ ಹೆಸರು ಮಾತ್ರ ಬರೆದ ಹಾಗೆ. ಇನ್ನೊಂದು ಕಡೆ ಹಳೇ ಮೈಸೂರಿನವರಿಗೂ ತಮ್ಮ ಹೆಸರಿನ ಮೇಲೆ ಪ್ರೀತಿ ಇತ್ತು. ಆ ಹೆಸರಿಗೆ ಶತಮಾನಗಳ ಇತಿಹಾಸ ಇತ್ತು. ಅದನ್ನು ಬಿಟ್ಟುಕೊಡುವುದು ಅವರಿಗೆ ಸುಲಭ ಇರಲಿಲ್ಲ. ಇಬ್ಬರದ್ದೂ ಸುಳ್ಳು ಬೇಸರ ಅಲ್ಲ.

ಹಾಗಾಗಿ 17 ವರ್ಷ ಹಿಡಿಯಿತು. ಸಭೆ, ಪತ್ರಿಕೆ, ಸಾಹಿತ್ಯ ಸಮ್ಮೇಳನ, ವಿಧಾನಸಭೆ, ಎಲ್ಲ ಕಡೆ ಚರ್ಚೆ ನಡೆಯಿತು. 1972ರಲ್ಲಿ ವಿಧಾನಸಭೆಯಲ್ಲಿ ನಿರ್ಣಯ ಆಯಿತು, ಆಮೇಲೆ ಸಂಸತ್ತು ಕಾಯ್ದೆ ಮಾಡಿತು. 1973ರ ನವೆಂಬರ್ 1ರಂದು "ಕರ್ನಾಟಕ" ಬಂತು. ಆಗ ಮುಖ್ಯಮಂತ್ರಿ ದೇವರಾಜ ಅರಸು. ಅವರು ಸ್ವತಃ ಮೈಸೂರು ಕಡೆಯವರು. ತನ್ನ ಊರಿನ ಹೆಸರು ಬಿಟ್ಟುಕೊಡಬೇಕಾದ ಕಡೆಯವನೇ ಮುಂದೆ ನಿಂತು ಬದಲಿಸಿದ್ದು ಎಂಬುದು ಸಣ್ಣ ಸಂಗತಿ ಅಲ್ಲ.

ನಿಧಾನ ಎಂದು ಬೈಯುತ್ತೇವೆ. ಆದರೆ ಇವತ್ತು "ಕರ್ನಾಟಕ ಬೇಡ, ಮೈಸೂರೇ ಬೇಕಿತ್ತು" ಎಂದು ಜಗಳಕ್ಕೆ ನಿಲ್ಲುವವರನ್ನು ನಾನಂತೂ ನೋಡಿಲ್ಲ. ಅದಕ್ಕೆ ಆ 17 ವರ್ಷವೂ ಒಂದು ಕಾರಣ ಇರಬಹುದು.

ಭಾಗ 4/10
ಫೋಟೋ: ಬಸ್ಸಿನ ಬೋರ್ಡು, ಮಂಗಳೂರು – ಉಡುಪಿ – ಕುಂದಾಪುರ

2014ರ ನವೆಂಬರ್ 1. ಒಂದೇ ದಿನ 12 ಊರುಗಳ ಹೆಸರು ಬದಲಾಯಿತು. ಬ್ಯಾಂಗಲೋರ್ ಹೋಗಿ ಬೆಂಗಳೂರು, ಮ್ಯಾಂಗಲೋರ್ ಹೋಗಿ ಮಂಗಳೂರು, ಮೈಸೋರ್ ಹೋಗಿ ಮೈಸೂರು, ಹೀಗೆ.

ಇದರ ಹಿಂದೆ ಇದ್ದ ಸಲಹೆ ಯು.ಆರ್. ಅನಂತಮೂರ್ತಿಯವರದ್ದು. ಕರ್ನಾಟಕ ಏಕೀಕರಣದ 50ನೇ ವರ್ಷದ ಹೊತ್ತಿಗೆ, ಅಂದರೆ 2006ರ ಸುಮಾರಿಗೆ, ಕನ್ನಡಿಗರು ಬಾಯಲ್ಲಿ ಹೇಳುವ ಹಾಗೆಯೇ ಇಂಗ್ಲಿಷಿನಲ್ಲೂ ಬರೆಯಬೇಕು ಎಂದರು. ಸರಕಾರ ಒಪ್ಪಿತು. ಆದರೆ ಕೇಂದ್ರದ ಒಪ್ಪಿಗೆ ಬರಲು 2014ರ ಅಕ್ಟೋಬರ್ ಆಯಿತು. ಬೆಳಗಾವಿಯ ಹೆಸರಿಗೆ ಮಹಾರಾಷ್ಟ್ರದಿಂದ ಆಕ್ಷೇಪ ಇತ್ತು. ಅನಂತಮೂರ್ತಿ ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ತಾವು ಕೇಳಿದ್ದು ಆದದ್ದನ್ನು ಅವರು ನೋಡಲಿಲ್ಲ.

ಇಲ್ಲಿ ಸೂಕ್ಷ್ಮ ಒಂದುಂಟು. ಮಂಗಳೂರಿನ ಹೆಸರು ಕನ್ನಡದಲ್ಲಿ ಬದಲಾಗಲೇ ಇಲ್ಲ, ಮೊದಲಿಂದಲೂ ಮಂಗಳೂರೇ. ಬದಲಾದದ್ದು ಇಂಗ್ಲಿಷಿನ ಅಕ್ಷರ ಮಾತ್ರ. ಆದರೆ ಗುಲ್ಬರ್ಗ ಕಲಬುರಗಿ ಆಯ್ತು, ಬಿಜಾಪುರ ವಿಜಯಪುರ ಆಯ್ತು. ಅಲ್ಲಿ ಕನ್ನಡದಲ್ಲೂ ಹೆಸರು ಬದಲಾಯಿತು. ಒಂದೇ ಆದೇಶದಲ್ಲಿ ಎರಡು ಬೇರೆ ಬೇರೆ ಕೆಲಸ.

ಇನ್ನು ನಮ್ಮ ಮನೆಗೆ ಬನ್ನಿ. ಅಜ್ಜಿ ತುಳುವಿನಲ್ಲಿ ಮಂಗಳೂರಿಗೆ "ಕುಡ್ಲ" ಅಂತಾರೆ. ಉಡುಪಿಗೆ "ಒಡಿಪು", ಕಾರ್ಕಳಕ್ಕೆ "ಕಾರ್ಲ". ಪಕ್ಕದ ಮನೆಯ ಕೊಂಕಣಿ ಮಾಮಿಗೆ ಮಂಗಳೂರು "ಕೊಡಿಯಾಲ". ಬ್ಯಾರಿ ಗೆಳೆಯನ ಮನೆಯಲ್ಲಿ ಅದು "ಮೈಕಾಲ". ಯಾವ ಗಜೆಟ್ಟಿನಲ್ಲೂ ಇಲ್ಲದ ಹೆಸರುಗಳು ಇವು. ಯಾರೂ ಯಾರದ್ದನ್ನೂ ಅಳಿಸಲಿಲ್ಲ, ಹಾಗಾಗಿ ಎಲ್ಲವೂ ಉಳಿದವು.

ಬಾಯಿಮಾತಿನಲ್ಲಿ ನಾಲ್ಕು ಹೆಸರಿಗೆ ಜಾಗ ಉಂಟು. ಬೋರ್ಡಿನಲ್ಲಿ ಒಂದೇ ಹೆಸರಿಗೆ ಜಾಗ. ತೊಂದರೆ ಶುರುವಾಗುವುದು ಇಲ್ಲಿಂದ.

ಭಾಗ 5/10
ಫೋಟೋ: ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆ, ಈಗ ನಾಣ್ಯಗಳ ಮ್ಯೂಸಿಯಂ

ನನ್ನ ಅಮ್ಮ ಹುಟ್ಟಿದ್ದು ಉಡುಪಿಯ ಸರಕಾರಿ ಹೆಂಗಸರ ಆಸ್ಪತ್ರೆಯಲ್ಲಿ. ಮನೆಯಲ್ಲಿ ನೂರು ಸಲ ಆ ಮಾತು ಬಂದಿರಬಹುದು. ಆದರೆ ಆ ಆಸ್ಪತ್ರೆಯ ಜಾಗ ಯಾರದ್ದು ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅದು ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದೂರ್ ಅವರು ಕೊಟ್ಟ ಜಾಗ. ಸುಮಾರು ನಾಲ್ಕು ಎಕರೆ, ಉಡುಪಿ ಪೇಟೆಯ ಮಧ್ಯದಲ್ಲಿ. ಇವತ್ತು ಅಲ್ಲಿ ಒಂದು ಸೆಂಟ್ಸ್ ಜಾಗದ ರೇಟು ಎಷ್ಟು ಅಂತ ಅಪ್ಪನ ಹತ್ತಿರ ಕೇಳಿ ನೋಡಿ.

ಯಾರು ಇವರು? 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕ್ ಶುರು ಮಾಡಿದವರು. ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಜಮೆಯಾದದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಇದೇ ಕಾರ್ಪೊರೇಶನ್ ಬ್ಯಾಂಕ್ ಆಗಿ ದೇಶವೆಲ್ಲ ಬೆಳೆಯಿತು. ಆಗ ಅವರಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ವರ್ಷ, ನಮ್ಮ ಸೀನಿಯರುಗಳಿಗಿಂತ ಸ್ವಲ್ಪ ದೊಡ್ಡವರು ಅಷ್ಟೇ!

ಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಎಣ್ಣೆ ಸಿಗದ ವರ್ಷ ಹಾಜಿ ಸಾಹೇಬರು ಎಣ್ಣೆ ಕೊಡಿಸಿದರು ಎಂಬ ಕಥೆಯನ್ನು ಉಡುಪಿಯ ಹಿರಿಯರು ಇವತ್ತಿಗೂ ಹೇಳ್ತಾರೆ. ಕಥೆ ಯಾಕೆ ಉಳಿಯಿತು ನೋಡಿ. ಊರಿಗೆ ಅವರನ್ನು ಹಾಗೆ ನೆನಪಿಟ್ಟುಕೊಳ್ಳಲು ಇಷ್ಟ ಇತ್ತು.

1935ರಲ್ಲಿ ಅವರು ತೀರಿಕೊಂಡರು. ಬ್ಯಾಂಕಿನ ಹೆಸರು 2020ರ ಏಪ್ರಿಲ್ 1ರಂದು ಹೋಯಿತು, ಯೂನಿಯನ್ ಬ್ಯಾಂಕಿನ ಜೊತೆ ವಿಲೀನ. ಸಿಂಡಿಕೇಟ್ ಹೋದ ದಿನವೇ ಇದೂ ಹೋಯಿತು. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕಿನ ಹೆಸರು ಒಂದೇ ಬೆಳಿಗ್ಗೆ ಇಲ್ಲವಾಯಿತು. ಆ ವಿಷಯದಲ್ಲಿ ಉಡುಪಿಗೆ ಮಾತೇ ಇರಲಿಲ್ಲ.

ಅವರ ದಾನದ ಗುರುತಾಗಿ ಊರಿನ ಕಣ್ಣೆದುರು ಉಳಿದದ್ದು ಆ ಆಸ್ಪತ್ರೆಯ ಜಾಗ. ಅಲ್ಲಿ ಏನಾಯಿತು?

ಭಾಗ 6/10
ಫೋಟೋ: ಉಡುಪಿಯ ತಾಯಿ ಮತ್ತು ಮಕ್ಕಳ ಆಸ್ಪತ್ರೆಯ ಎದುರು, ರಿಕ್ಷಾ ಕಾಯುವ ಬಾಣಂತಿ ಮತ್ತು ಅವಳ ಅಮ್ಮ (ಹಿಂದಿನಿಂದ ತೆಗೆದದ್ದು)

ಈಗ ಕಾಪುವಿನ ಕಥೆ. ಬಿ.ಆರ್. ಶೆಟ್ಟಿ ಕಾಪುವಿನಲ್ಲಿ 1942ರಲ್ಲಿ ಹುಟ್ಟಿದವರು. ಉಡುಪಿಯ ಪುರಸಭೆಯಲ್ಲಿ ಉಪಾಧ್ಯಕ್ಷರೂ ಆಗಿದ್ದರು. ಆಮೇಲೆ ಅಬುಧಾಬಿಗೆ ಹೋಗಿ 1975ರಲ್ಲಿ ಎನ್‌ಎಂಸಿ ಆಸ್ಪತ್ರೆ ಶುರು ಮಾಡಿದರು. ಕಂಪೆನಿ ಲಂಡನ್ ಷೇರು ಮಾರುಕಟ್ಟೆವರೆಗೆ ಹೋಯಿತು. 2009ರಲ್ಲಿ ಪದ್ಮಶ್ರೀ ಬಂತು. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳಿಗೆ ಅವರ ಸಂಸ್ಥೆಗಳಲ್ಲಿ ಕೆಲಸ ಸಿಕ್ಕಿತ್ತು.

ಉಡುಪಿಯ ಹಳೆಯ ಸರಕಾರಿ ಆಸ್ಪತ್ರೆಗೆ ಹೊಸ ಕಟ್ಟಡ ಬೇಕಿತ್ತು. ಶೆಟ್ಟರ ಸಂಸ್ಥೆ 200 ಹಾಸಿಗೆಯ ಆಸ್ಪತ್ರೆ ಕಟ್ಟಿ, ಉಚಿತವಾಗಿ ನಡೆಸುವುದು, ಅದರ ಬದಲಿಗೆ ಅದೇ ಜಾಗದ ಇನ್ನೊಂದು ಭಾಗದಲ್ಲಿ ಖಾಸಗಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಮಾಡುವುದು ಎಂದು ಸರಕಾರದ ಜೊತೆ ಒಪ್ಪಂದ ಆಯಿತು. ಉಡುಪಿಯಲ್ಲಿ ಪ್ರತಿಭಟನೆಗಳು ನಡೆದವು. ಬಡವರಿಗೆಂದು ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟ ಜಾಗವನ್ನು ಖಾಸಗಿಯವರಿಗೆ ಕೊಡುವ ಹಕ್ಕು ಸರಕಾರಕ್ಕೆ ಉಂಟಾ ಎಂಬುದು ಪ್ರಶ್ನೆ. ಆದರೂ ಕಟ್ಟಡ ಆಯಿತು. 2017ರ ನವೆಂಬರಿನಲ್ಲಿ ಉದ್ಘಾಟನೆ ಆಯಿತು.

ಹೆಸರು? ಮುಂದೆ ಶೆಟ್ಟರ ತಂದೆ ತಾಯಿಯ ಹೆಸರು: ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ. ಅದರ ಹಿಂದೆ: ಹಾಜಿ ಅಬ್ದುಲ್ಲಾ ತಾಯಿ ಮತ್ತು ಮಕ್ಕಳ ಆಸ್ಪತ್ರೆ.

ನ್ಯಾಯವಾಗಿ ಹೇಳಬೇಕು. ಹಳೆಯ ಹೆಸರನ್ನು ಅಳಿಸಲಿಲ್ಲ, ಅದಕ್ಕೆ ಮೆಚ್ಚುಗೆ ಇರಲಿ. ತಂದೆ ತಾಯಿಯ ಹೆಸರಿನಲ್ಲಿ ಬಾಣಂತಿಯರಿಗೆ ಆಸ್ಪತ್ರೆ ಕಟ್ಟುವುದು ಕೆಟ್ಟ ಆಸೆಯೂ ಅಲ್ಲ. ಅಲ್ಲಿ ಉಚಿತವಾಗಿ ಹೆರಿಗೆಯಾದವರಿಗೆ ಕೇಳಿದರೆ ಗೊತ್ತಾಗ್ತದೆ. ಆದರೆ ಆ ಉದ್ದ ಹೆಸರನ್ನು ಓದುವಾಗ ಬೇಡ ಅಂದರೂ ಒಂದು ಪ್ರಶ್ನೆ ಬರುತ್ತದೆ: ಜಾಗ ಕೊಟ್ಟವರು ಹಿಂದೆ, ಕಟ್ಟಡ ಕೊಟ್ಟವರು ಮುಂದೆ, ಯಾಕೆ?

2020ರಲ್ಲಿ ಎನ್‌ಎಂಸಿ ಸಾಲದ ಸುಳಿಗೆ ಬಿತ್ತು. ಇಲ್ಲಿ ಆಸ್ಪತ್ರೆ ನಡೆಸುವುದೂ ಕಷ್ಟವಾಯಿತು, ಸಿಬ್ಬಂದಿಗೆ ಸಂಬಳದ ತೊಂದರೆ ಬಂತು. ಕೊನೆಗೆ ಸರಕಾರವೇ ಆಸ್ಪತ್ರೆಯನ್ನು ವಾಪಸು ವಹಿಸಿಕೊಂಡಿತು. ಈಗ ನಡೆಸುವುದು ನಮ್ಮ ತೆರಿಗೆ ದುಡ್ಡಿನಲ್ಲಿ.

ಭಾಗ 7/10
ಫೋಟೋ: ಅಜ್ಜರಕಾಡು, ಕಾಲೇಜಿನ ಗೇಟು

"ದಾನಿಗಳ ಹೆಸರು ಇಡಬಾರದು ಅಂತೀಯಾ ಹಾಗಾದ್ರೆ?" ಹಿಂದಿನ ಪೋಸ್ಟಿಗೆ ಸುಮಾರು ಜನ ಹೀಗೇ ಕೇಳಿದ್ರಿ. ಒಳ್ಳೆಯ ಪ್ರಶ್ನೆ.

ನಮ್ಮ ಜಿಲ್ಲೆಯಲ್ಲಿ ಇದು ಹೊಸತಲ್ಲ. ಅಜ್ಜರಕಾಡಿನಲ್ಲಿರುವುದು ಡಾ. ಜಿ. ಶಂಕರ್ ಸರಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು. ಕಾರ್ಕಳದಲ್ಲಿರುವುದು ಮಂಜುನಾಥ ಪೈ ಸ್ಮಾರಕ ಸರಕಾರಿ ಪ್ರಥಮ ದರ್ಜೆ ಕಾಲೇಜು. "ಎಂಪಿಎಂ" ಅಂತ ಹೇಳ್ತೇವಲ್ಲ, ಅದೇ. ಎರಡೂ ಸರಕಾರಿ, ಎರಡಕ್ಕೂ ವ್ಯಕ್ತಿಯ ಹೆಸರು. ಅಲ್ಲಿ ಓದುವ ಹುಡುಗಿಯರು, ಹುಡುಗರು ಹೆಚ್ಚಿನವರು ದುಬಾರಿ ಫೀಸು ಕೊಡಲಿಕ್ಕೆ ಆಗದ ಮನೆಯವರು. ಸರಕಾರದ ದುಡ್ಡು ಬರುವ ತನಕ ಕಾದಿದ್ದರೆ ಎಷ್ಟೋ ಊರಿನಲ್ಲಿ ಶಾಲೆಗೆ ಮಾಡು ಆಗುತ್ತಿರಲಿಲ್ಲ. ಕೊಟ್ಟವರ ಹೆಸರು ಹೇಳುವುದು ಸೌಜನ್ಯ.

ಮಣಿಪಾಲದಲ್ಲಿ ಇನ್ನೊಂದು ಮಾದರಿ ಉಂಟು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮೆಡಿಕಲ್ ಕಾಲೇಜು ಕಟ್ಟಿದರು. ಅದು ಸರಕಾರದ ಆಸ್ತಿ ಅಲ್ಲ, ಬೇಕಾದರೆ ತಮ್ಮ ಹೆಸರೇ ಇಡಬಹುದಿತ್ತು. ಇಟ್ಟದ್ದು ಕಸ್ತೂರ್‌ಬಾ ಹೆಸರು. ಖಾಸಗಿ ಸಂಸ್ಥೆಯವರು ಏನು ಹೆಸರು ಇಟ್ಟರೂ ಅದು ಅವರ ಇಷ್ಟ. ಸರಕಾರಿ ಆಸ್ತಿಯ ವಿಷಯ ಹಾಗಲ್ಲ.

ವ್ಯತ್ಯಾಸ ಎಲ್ಲಿ ಅಂದರೆ, ಸರಕಾರಿ ಕಟ್ಟಡಕ್ಕೆ ಒಮ್ಮೆ ದಾನ ಬರುತ್ತದೆ, ಆದರೆ ಖರ್ಚು ಪ್ರತಿ ವರ್ಷ ಇರುತ್ತದೆ. ಡಾಕ್ಟರ ಸಂಬಳ, ಕರೆಂಟು ಬಿಲ್ಲು, ಮದ್ದು, ಬೆಂಚು. ಅದನ್ನು ಕೊಡುವುದು ಪೆಟ್ರೋಲಿಗೂ ಬಿಸ್ಕುಟಿಗೂ ತೆರಿಗೆ ಕಟ್ಟುವ ನಾವೆಲ್ಲ. ಹಾಗಾಗಿ ದಾನಿಯ ಹೆಸರು ಕಲ್ಲಿನ ಮೇಲೆ ಇರಲಿ, ಗೌರವದಿಂದಲೇ ಇರಲಿ. ಆದರೆ ಈಗಾಗಲೇ ಒಬ್ಬ ದಾನಿಯ ನೆನಪು ಇರುವ ಕಡೆ ಇನ್ನೊಬ್ಬ ದಾನಿಯ ಹೆಸರು ಅದನ್ನು ಹಿಂದಕ್ಕೆ ತಳ್ಳುವುದಾದರೆ, ಆ ತೀರ್ಮಾನ ದಾನಿ ಮತ್ತು ಮಂತ್ರಿಯ ನಡುವೆ ಮುಗಿಯಬಾರದು. ಊರಿನ ಮುಂದೆ ಬರಬೇಕು.

ಭಾಗ 8/10
ಫೋಟೋ: ಕಾರ್ಕಳದಿಂದ ಬೋಳಕ್ಕೆ ಹೋಗುವ ದಾರಿ, ಮಳೆಗಾಲ

2022ರ ಜೂನ್. ಕಾರ್ಕಳ ತಾಲೂಕಿನ ಬೋಳ ಗ್ರಾಮದಲ್ಲಿ ಒಂದು ರಸ್ತೆ ಬದಿ ಬೋರ್ಡು ಎದ್ದಿತು. ಅದರಲ್ಲಿ ನಾಥೂರಾಮ ಗೋಡ್ಸೆಯ ಹೆಸರು! ಗಾಂಧೀಜಿಯನ್ನು ಗುಂಡಿಟ್ಟು ಕೊಂದವನ ಹೆಸರು ಒಂದು ಸಾರ್ವಜನಿಕ ರಸ್ತೆಗೆ.

ಫೋಟೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಪಂಚಾಯತ್ ಹೇಳಿತು: ನಾವು ಅನುಮತಿ ಕೊಟ್ಟಿಲ್ಲ. ಪೊಲೀಸರಿಗೆ ದೂರು ಹೋಯಿತು, ಬೋರ್ಡು ತೆಗೆದರು. ಕಥೆ ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಮರೆತರು.

ನಾನು ಮರೆಯಲಿಲ್ಲ, ಯಾಕೆಂದರೆ ನನ್ನ "ಓಟು ಹಾಕಿ ಮುಗಿಸಿ" ವಾದ ಇಲ್ಲೇ ಮುರಿದುಬಿತ್ತು. ಬೋರ್ಡು ತೆಗೆದದ್ದು ಯಾವ ಕಾರಣಕ್ಕೆ? ಅನುಮತಿ ಇಲ್ಲ ಎಂಬ ಕಾರಣಕ್ಕೆ. ಸರಿ, ಒಂದು ಪ್ರಶ್ನೆ ಕೇಳುವ. ನಾಳೆ ಎಲ್ಲೋ ಒಂದು ಪಂಚಾಯತಿನಲ್ಲಿ ಬಹುಮತದಿಂದ ನಿರ್ಣಯ ಮಾಡಿ, ಸೀಲು ಹೊಡೆದು, ಇಂಥದ್ದೇ ಬೋರ್ಡು ಹಾಕಿದರೆ? ಆಗ ಅದು ಸರಿಯಾಗಿಬಿಡುತ್ತದಾ?

1934ರ ಫೆಬ್ರವರಿಯಲ್ಲಿ ಗಾಂಧೀಜಿ ಉಡುಪಿಗೆ ಬಂದಿದ್ದರು. ಅಜ್ಜರಕಾಡಿನ ಕ್ರೀಡಾಂಗಣಕ್ಕೆ ಅವರದೇ ಹೆಸರು. ಅವರ ಕೊಲೆಗಾರನ ಹೆಸರನ್ನು ಅದೇ ಜಿಲ್ಲೆಯ ರಸ್ತೆಗೆ ಇಟ್ಟರೆ, ಸಂಖ್ಯೆ ಎಷ್ಟೇ ಇರಲಿ, ಅದು ಸರಿ ಅಂತ ನನಗೆ ಅನಿಸುವುದಿಲ್ಲ. ಅಂದರೆ ಬಹುಮತಕ್ಕೂ ಒಂದು ಬೇಲಿ ಬೇಕು.

ಇನ್ನೊಂದು ಸಂಗತಿ. ಈ ಬೋರ್ಡು ಹಾಕಲು ಬೇಕಾದದ್ದು ನಾಲ್ಕು ಸಿಮೆಂಟು ಬುಟ್ಟಿ ಮತ್ತು ಒಂದು ರಾತ್ರಿ. ಸಾರ್ವಜನಿಕ ಜಾಗದಲ್ಲಿ ಯಾರು ಮೊದಲು ಬೋರ್ಡು ನೆಟ್ಟರೋ ಅವರದ್ದೇ ಹೆಸರು ಎನ್ನುವುದು ನಮ್ಮಲ್ಲಿ ರೂಢಿಯಾಗುತ್ತಾ ಉಂಟು. ಫ್ಲೆಕ್ಸು, ಕಟ್ಟೆ, ಧ್ವಜ, ಆಮೇಲೆ "ಸರ್ಕಲ್". ನಿಮ್ಮ ಪಕ್ಷ, ನನ್ನ ಪಕ್ಷ, ಆ ಸಂಘ, ಈ ಸಂಘ, ಎಲ್ಲರೂ ಮಾಡ್ತಾರೆ. ಅಧಿಕಾರ ಯಾರಿಗೆ ಎಂಬ ಪ್ರಶ್ನೆಗೆ ನಾವು ಉತ್ತರ ಕೊಡದಿದ್ದರೆ ರಾತ್ರಿ ಬಂದು ಗುಂಡಿ ತೋಡುವವರು ಕೊಡ್ತಾರೆ.

ಭಾಗ 9/10
ಫೋಟೋ: ಮಧೂರು ದೇವಸ್ಥಾನದ ದಾರಿ, ಕಾಸರಗೋಡು. ಸೋದರತ್ತೆ ಮನೆಗೆ ಹೋದಾಗ ತೆಗೆದದ್ದು

2021ರ ಜೂನ್ ತಿಂಗಳು. ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನು ಕೇರಳ ಸರಕಾರ ಮಲಯಾಳಕ್ಕೆ ಬದಲಿಸುತ್ತದಂತೆ ಎಂಬ ಸುದ್ದಿ ಹಬ್ಬಿತು. ಮಧೂರು "ಮಧುರಂ" ಆಗುತ್ತದಂತೆ, ಹೊಸದುರ್ಗ "ಪುದಿಯಕೋಟ" ಆಗುತ್ತದಂತೆ. ಕರ್ನಾಟಕದ ನಾಯಕರು ಪತ್ರ ಬರೆದರು, ನಾವೆಲ್ಲ ಸ್ಟೇಟಸ್ ಹಾಕಿದೆವು. ಅಂಥ ಯೋಚನೆಯೇ ಇಲ್ಲ ಎಂದು ಕೇರಳ ಸರಕಾರ ಸ್ಪಷ್ಟ ಮಾಡಿತು.

ಸುದ್ದಿ ಸುಳ್ಳಾಯಿತು, ಒಳ್ಳೆಯದೇ. ಆದರೆ ಆ ನಾಲ್ಕು ದಿನ ಅತ್ತೆ ಮನೆಯಲ್ಲಿ ಇದ್ದ ಸಂಕಟ ಸುಳ್ಳಲ್ಲ. 1956ರಲ್ಲಿ ಗಡಿ ಹೋಯಿತು, ಈಗ ಊರಿನ ಹೆಸರೂ ಹೋಗ್ತದಾ ಎಂದು ಮಾವ ಕೇಳಿದ್ದು ನನಗೆ ನೆನಪುಂಟು. ಅಲ್ಲಿ ಕನ್ನಡದವರು ಕಡಿಮೆ. ರಾಜ್ಯದ ಬಹುಮತ ಕೇಳಿದರೆ ಅವರು ಯಾವತ್ತೂ ಗೆಲ್ಲುವುದಿಲ್ಲ. ನನ್ನ ಗೆಳತಿಯ ಪ್ರಶ್ನೆ ಮತ್ತೆ ಬಂತು ನೋಡಿ: ಜಾಸ್ತಿ ಜನ ನಿನ್ನ ಕಡೆ ಇಲ್ಲದ ದಿನ ಎಂತ ಮಾಡ್ತಿ?

ಈಗ ತಿರುಗಿಸಿ ನೋಡುವ. 2022ರ ಅಕ್ಟೋಬರಿನಲ್ಲಿ ಮೈಸೂರು–ಬೆಂಗಳೂರಿನ ಟಿಪ್ಪು ಎಕ್ಸ್‌ಪ್ರೆಸ್ "ಒಡೆಯರ್ ಎಕ್ಸ್‌ಪ್ರೆಸ್" ಆಯಿತು. ಆದೇಶ ಬಂದದ್ದು ರೈಲ್ವೆ ಮಂಡಳಿಯಿಂದ. ಒಡೆಯರಿಗೆ ಮೈಸೂರು ಋಣಿ ಎಂಬುದರಲ್ಲಿ ಎರಡು ಮಾತಿಲ್ಲ, ಅವರ ಹೆಸರಿನ ರೈಲು ಬೇಕಾದದ್ದೇ. ಟಿಪ್ಪುವಿನ ಬಗ್ಗೆ ಕೊಡಗಿನಲ್ಲಿ, ನಮ್ಮ ಕರಾವಳಿಯಲ್ಲಿ ನೋವಿನ ನೆನಪು ಇರುವುದೂ ನಿಜ. ಆದರೆ ಒಡೆಯರ ಹೆಸರು ಹೊಸ ರೈಲಿಗೆ ಇಡಬಹುದಿತ್ತಲ್ಲ? ಗೌರವಿಸುವುದು ಒಂದು ಕೆಲಸ, ಅಳಿಸುವುದು ಇನ್ನೊಂದು ಕೆಲಸ. "ಎರಡು ಕಾರಣ" ನೆನಪುಂಟಲ್ಲ? ಹೊಸ ಹೆಸರಿಗೆ ಕಾರಣ ಎಲ್ಲರೂ ಕೊಡ್ತಾರೆ. ಹಳೆಯದನ್ನು ತೆಗೆಯುವುದಕ್ಕೆ ಕೇಳುವವರ ಮುಖ ನೋಡಿ ಕಾರಣ ಹೇಳುವುದು ಕಡಿಮೆ.

ಹಾಗಂತ ಹಳೆಯ ಹೆಸರೆಲ್ಲ ಒಳ್ಳೆಯದು ಅಂತ ಅಲ್ಲ. ಕೆಲವು ಕೇರಿ, ಕಾಲೊನಿಗಳ ಹೆಸರಿನಲ್ಲೇ ಜಾತಿ ಉಂಟು. ಬಸ್ಸಿನಲ್ಲಿ ಸ್ಟಾಪ್ ಹೇಳುವಾಗ ತಲೆ ತಗ್ಗಿಸಬೇಕಾದ ಹೆಸರುಗಳು. 2020ರಲ್ಲಿ ಮಹಾರಾಷ್ಟ್ರ ಸರಕಾರ ಇಂಥ ಹೆಸರು ತೆಗೆಯಲು ತೀರ್ಮಾನಿಸಿತು. 2024ರ ಜೂನಿನಲ್ಲಿ ಕೇರಳ ಸರಕಾರ ಪರಿಶಿಷ್ಟರ ವಸತಿಗಳಿಗೆ "ಕಾಲೊನಿ" ಎನ್ನುವುದು ಬೇಡ, ಅಲ್ಲಿಯವರಿಗೆ ಇಷ್ಟವಾದ ಹೆಸರು ಇಡಿ, ಜಗಳ ಬರದ ಹಾಗೆ ವ್ಯಕ್ತಿಗಳ ಹೆಸರು ಆದಷ್ಟು ಬೇಡ ಎಂದಿತು. ಇಲ್ಲಿ ಅಳಿಸುವುದೇ ನ್ಯಾಯ. ಯಾಕೆಂದರೆ ಕೇಳಿದ್ದು ಆ ಹೆಸರಿನ ಭಾರ ಹೊತ್ತವರನ್ನು.

ಭಾಗ 10/10
ಫೋಟೋ: ಕಾರ್ಕಳದ ಗೊಮ್ಮಟ ಬೆಟ್ಟದಿಂದ ಕಾಣುವ ಚತುರ್ಮುಖ ಬಸದಿ

ಕೊನೆಯ ಫೋಟೋ ಕಾರ್ಕಳದ್ದು. ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ, ಭೈರವ ಅರಸರ ವೀರಪಾಂಡ್ಯ. ಎದುರಿನ ಚತುರ್ಮುಖ ಬಸದಿ ಕಟ್ಟಿಸಿದ್ದು 1586ರಲ್ಲಿ, ಇಮ್ಮಡಿ ಭೈರರಸ. ಎರಡೂ ಕಡೆ ಶಾಸನ ಉಂಟು. ಯಾರು ಮಾಡಿಸಿದರು, ಯಾವ ದಿನ, ಯಾರ ಉಪದೇಶದಿಂದ, ನಡೆಸಿಕೊಂಡು ಹೋಗಲು ಏನು ಕೊಟ್ಟರು ಎಂಬುದನ್ನು ಆ ಕಾಲದವರು ಕಲ್ಲಿನಲ್ಲಿ ಬರೆಸುತ್ತಿದ್ದರು. ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪವೂ ಇರುತ್ತದೆ, ಇದನ್ನು ಕೆಡಿಸಿದವರಿಗೆ ಪಾಪ ಬರಲಿ ಎಂದು. ರಾಜನಿಗೂ ಗೊತ್ತಿತ್ತು, ತನ್ನ ನಂತರ ಬರುವ ರಾಜ ಅಳಿಸಬಹುದು ಅಂತ.

ನಮಗೆ ಶಾಪ ಬೇಡ, ನಿಯಮ ಸಾಕು. ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ.

ಹೊಸ ರಸ್ತೆ, ಹೊಸ ಕಟ್ಟಡಕ್ಕೆ ಹೆಸರು ಇಡುವ ಅಧಿಕಾರ ಊರಿನದ್ದೇ. ನಗರಸಭೆ, ಪುರಸಭೆ, ಪಂಚಾಯತ್ ತೀರ್ಮಾನ ಮಾಡಲಿ. ನನ್ನ ಹಳೆಯ ವಾದದ ಈ ಅರ್ಧ ಉಳಿಯಿತು.

ಆದರೆ ಇರುವ ಹೆಸರನ್ನು ತೆಗೆಯುವ ಅಧಿಕಾರ ಒಂದು ಸಭೆಯ ಬಹುಮತಕ್ಕೆ ಮಾತ್ರ ಇರಬಾರದು. 1953ರ ಹಾಗೆ ಎರಡು ಕಾರಣ ಬರೆದು ಕೊಡಲಿ, ಸರ್ಕಲ್ಲಿಗೂ ಆಸ್ಪತ್ರೆಗೂ. ಆ ಜಾಗದಲ್ಲೇ ಕನ್ನಡದಲ್ಲಿ ನೋಟಿಸು ಹಾಕಲಿ, ಆಕ್ಷೇಪಕ್ಕೆ ಸಮಯ ಕೊಡಲಿ. ಆ ಹೆಸರು ಯಾರ ನೆನಪೋ ಅವರನ್ನು, ಆ ಹೆಸರಿನಿಂದ ನೋವು ತಿಂದವರನ್ನು, ಅವರು ಹತ್ತೇ ಮನೆ ಇದ್ದರೂ ಕರೆದು ಕೇಳಲಿ. ಕೊನೆಯ ಒಪ್ಪಿಗೆ ಪ್ರಸ್ತಾವ ಮಾಡಿದವರ ಕೈಯಲ್ಲಿ ಇರಬಾರದು, ಇತಿಹಾಸ ಗೊತ್ತಿರುವವರೂ ಇರುವ ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಹೋಗಲಿ. ಬದಲಾದರೆ ಹಳೆಯ ಹೆಸರು, ಕೊಟ್ಟವರ ಹೆಸರು ಹೊಸ ಬೋರ್ಡಿನಲ್ಲೇ ಕೆಳಗೆ ಇರಲಿ.

ಇದರಿಂದ ಕೆಲಸ ನಿಧಾನ ಆಗ್ತದೆ, ಹೌದು. ಕರ್ನಾಟಕಕ್ಕೂ 17 ವರ್ಷ ಬೇಕಾಯಿತು.

ಈ ಸರಣಿ ಬರೆಯುವಾಗ ಅಮ್ಮನಿಗೆ ಹಾಜಿ ಅಬ್ದುಲ್ಲಾ ಸಾಹೇಬರ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಹುಟ್ಟಿದ ಜಾಗ ಅವರದ್ದು ಅಂತ ಐವತ್ತು ವರ್ಷ ಗೊತ್ತೇ ಇರಲಿಲ್ಲ ಅಲ್ವಾ" ಅಂದರು. ಹೆಸರು ಬೋರ್ಡಿನಲ್ಲಿದ್ದರೂ ನಾವು ಕೇಳದಿದ್ದರೆ ಅದು ಹೋದ ಹಾಗೆಯೇ.

ಹಾಗಾಗಿ ನಿಮಗೊಂದು ಕೆಲಸ. ನಿಮ್ಮ ಊರಿನ ಒಂದು ರಸ್ತೆ, ಶಾಲೆ ಅಥವಾ ಆಸ್ಪತ್ರೆಯ ಹೆಸರು ಯಾರದ್ದು, ಮೊದಲು ಏನಿತ್ತು ಅಂತ ಮನೆಯ ಹಿರಿಯರ ಹತ್ತಿರ ಕೇಳಿ, ಫೋಟೋ ತೆಗೆದು ಕಳಿಸಿ. ಒಳ್ಳೆಯದನ್ನು ಸ್ಟೋರಿಯಲ್ಲಿ ಹಾಕ್ತೇನೆ. ಕಾಪುವಿನ ಗೆಳತಿ ಈಗಾಗಲೇ ಮೂರು ಕಳಿಸಿದ್ದಾಳೆ. ಮೂರರಲ್ಲೂ ನನ್ನ ಅಭಿಪ್ರಾಯಕ್ಕೆ ಅವಳ ತಕರಾರು ಉಂಟು!

#ಹೆಸರಿನಕಥೆ #ಉಡುಪಿ #ಮಣಿಪಾಲ #ಕಾಪು #ಕಾರ್ಕಳ #ನಮ್ಮೂರಇತಿಹಾಸ